ಎಡಕ್ಕೆ ಹೋದ ಚುಕ್ಕೆ ಯಾರಲ್ಲಿ ಕಡಿಮೆ?

ಈ ತಿಂಗಳು ಪುಣೆ, ಮುಂಬೈ, ಗೋವಾದಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಚಿತ್ರಗಳ ಬಗ್ಗೆ ಇವೆ. ಕರುಳಿನದೋ ಮಣ್ಣಿನದೋ ಸ್ಯಾಂಪಲ್ ತೆಗೆದು, ಅದರಲ್ಲಿರುವ ಬ್ಯಾಕ್ಟೀರಿಯಾಗಳ ಡಿಎನ್ಎ ಓದಿಸಿ, ಎರಡು ಗುಂಪುಗಳ ನಡುವೆ ಯಾವ ಜೀವಿ ಜಾಸ್ತಿ, ಯಾವುದು ಕಡಿಮೆ ಅಂತ ಹುಡುಕುವ ಲೆಕ್ಕ ಇದೆಯಲ್ಲ, ಅದಕ್ಕೆ ಡಿಫರೆನ್ಷಿಯಲ್ ಅಬಂಡೆನ್ಸ್ ಅನಾಲಿಸಿಸ್ ಅನ್ನುತ್ತಾರೆ. ಪುಣೆಯ ಲ್ಯಾಬೊಂದರಲ್ಲಿ ನಾನು ದಿನವೂ ಮಾಡುವ ಕೆಲಸ ಇದೇ. ಲೆಕ್ಕವನ್ನು ಕಂಪ್ಯೂಟರ್ ಮಾಡಿಕೊಡುತ್ತದೆ. ಕೆಳಗೆ ಬರುವ ಡೀಸೆಕ್ 2, ಆನ್ಕಾಮ್, ಲೆಫ್ಸೆ ಎಲ್ಲ ಇಂಥ ಲೆಕ್ಕದ ಪ್ರೋಗ್ರಾಂಗಳ ಹೆಸರುಗಳೇ. ಕೊನೆಗೆ ಬರುವ ಪ್ಲಾಟನ್ನು ಓದುವುದು ಮಾತ್ರ ನಮ್ಮ ಪಾಲಿಗೇ ಉಳಿಯುತ್ತದೆ. ಅದಕ್ಕೇ ಈ ಸಲದ ಪುಟ ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಸಕ್ಕರೆ ಕಾಯಿಲೆ ಇರುವವರ ಮತ್ತು ಇಲ್ಲದವರ ಕರುಳಿನ ಬ್ಯಾಕ್ಟೀರಿಯಾ ಹೋಲಿಸುವ ಪ್ರಾಜೆಕ್ಟ್. ಡೀಸೆಕ್ 2 ಬಳಸಿ ವಾಲ್ಕೆನೊ ಪ್ಲಾಟ್ (ಪ್ರತಿ ಜೀವಿಗೆ ಒಂದು ಚುಕ್ಕೆ; ಅಡ್ಡಕ್ಕೆ ಎಷ್ಟು ಬದಲಾವಣೆ, ಎತ್ತರಕ್ಕೆ ಪಿ ಮೌಲ್ಯ) ಮಾಡಿದೆ. ಪ್ರೆವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಚುಕ್ಕೆ ಎಡಗಡೆ, ಮೈನಸ್ 2.1ರ ಹತ್ತಿರ ಇದೆ. ‘ಸಕ್ಕರೆ ಕಾಯಿಲೆಯವರಲ್ಲಿ ಪ್ರೆವೊಟೆಲ್ಲಾ ಕಡಿಮೆ’ ಅಂತ ಬರೆದೆ. ಗೈಡ್ ‘ಇದು ಉಲ್ಟಾ ಇರಬಹುದು, ನೋಡು’ ಅಂದರು. ಎಡ ಅಂದರೆ ಕಡಿಮೆ ಅಲ್ವಾ?
— ವಿದ್ಯಾರ್ಥಿನಿ, ಕೋಥ್ರುಡ್, ಪುಣೆ (ಊರು ವಿಜಯಪುರ)

ಉತ್ತರ: ಎಡ ಅಂದರೆ ಕಡಿಮೆ, ನಿಜ. ಯಾರಲ್ಲಿ ಕಡಿಮೆ ಅನ್ನುವುದು ಪ್ರಶ್ನೆ. ಅದು ಚುಕ್ಕೆಯನ್ನು ಎಷ್ಟು ಹೊತ್ತು ನೋಡಿದರೂ ಗೊತ್ತಾಗುವುದಿಲ್ಲ.

ನಿಮ್ಮ ಫೈಲಿನಲ್ಲಿ ಗುಂಪುಗಳ ಹೆಸರು ‘ಡಯಾಬಿಟಿಕ್’, ‘ಹೆಲ್ತಿ’ ಅಂತ ಇವೆ ಎಂದು ಬರೆದಿದ್ದೀರಿ. ನೀವು ಬೇರೆ ಹೇಳದಿದ್ದರೆ, ಡೀಸೆಕ್ 2 ಓಡುವ ಆರ್ ಅನ್ನುವ ಕಂಪ್ಯೂಟರ್ ಭಾಷೆ ಗುಂಪುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಸಾಲಿನಲ್ಲಿ ಜೋಡಿಸುತ್ತದೆ. ಮೊದಲು ಬಂದದ್ದು ಹೋಲಿಕೆಯ ಆಧಾರ ಆಗುತ್ತದೆ. ಡಿ ಮೊದಲು, ಎಚ್ ಆಮೇಲೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ ಆಧಾರ ಸಕ್ಕರೆ ಕಾಯಿಲೆಯವರು. ಮೈನಸ್ 2.1 ಅಂದರೆ ಅವರಿಗೆ ಹೋಲಿಸಿದರೆ ಆರೋಗ್ಯವಂತರಲ್ಲಿ ಕಡಿಮೆ. ಅಂದರೆ ಸಕ್ಕರೆ ಕಾಯಿಲೆಯವರಲ್ಲಿ ಜಾಸ್ತಿ. ನಿಮ್ಮ ಗೈಡ್ ಅನುಮಾನಪಟ್ಟದ್ದು ಸರಿಯಾಗಿಯೇ ಇದೆ. ಫಲಿತಾಂಶವನ್ನು ಸ್ಕ್ರೀನಿನ ಮೇಲೆ ತೆರೆದರೆ ಟೇಬಲ್ಲಿನ ಮೇಲೆ ಒಂದು ಸಣ್ಣ ಸಾಲು ಬರುತ್ತದೆ. ಅದರಲ್ಲಿ ‘ಹೆಲ್ತಿ ವರ್ಸಸ್ ಡಯಾಬಿಟಿಕ್’ ಅಂತ ಬರೆದಿರುತ್ತದೆ. ಹೆಚ್ಚಿನವರು ಅದನ್ನು ದಾಟಿ ನೇರ ಪ್ಲಾಟಿಗೆ ಹೋಗುತ್ತಾರೆ. ಆ ಸಾಲನ್ನು ಕಾಪಿ ಮಾಡಿ ಪ್ಲಾಟಿನ ಶೀರ್ಷಿಕೆಯಲ್ಲೇ ಹಾಕಿ. ಮುಂದಿನ ಸಲ ಲೆಕ್ಕಕ್ಕೆ ಮೊದಲೇ ‘ಹೆಲ್ತಿ’ಯನ್ನು ಆಧಾರ ಗುಂಪು ಅಂತ ನಿಗದಿ ಮಾಡಿ. ಒಂದೇ ಸಾಲಿನ ಕೆಲಸ.

ಇನ್ನೊಂದು ಕಡೆಯಿಂದಲೂ ಖಾತ್ರಿ ಮಾಡಿಕೊಳ್ಳಿ. ಪ್ರೆವೊಟೆಲ್ಲಾ ಒಂದನ್ನೇ ತೆಗೆದುಕೊಂಡು, ಪ್ರತಿ ಸ್ಯಾಂಪಲ್ಲಿಗೆ ಒಂದು ಚುಕ್ಕೆಯಂತೆ ಎರಡು ಗುಂಪುಗಳನ್ನು ಪಕ್ಕಪಕ್ಕ ಬಿಡಿಸಿ. ಐದು ನಿಮಿಷದ ಕೆಲಸ. ಯಾವ ಕಡೆ ಜಾಸ್ತಿ ಅಂತ ಕಣ್ಣಿಗೇ ಕಾಣುತ್ತದೆ. ಇಡೀ ಗುಂಪೇ ಮೇಲೆ ಹೋಗಿದೆಯೋ, ಬರೀ ಮೂರು ಜನ ಎಳೆದುಕೊಂಡು ಹೋಗಿದ್ದಾರೋ ಅನ್ನುವುದೂ ಕಾಣುತ್ತದೆ. ಇದನ್ನು ವಾಲ್ಕೆನೊ ಪ್ಲಾಟ್ ಎಂದೂ ತೋರಿಸುವುದಿಲ್ಲ.

ಅಡ್ಡ ಗೆರೆಯ ಅಂಕಿ ಡೀಸೆಕ್ 2ರಲ್ಲಿ ಲಾಗ್ 2, ಅಂದರೆ ಒಂದೊಂದು ಅಂಕಿ ಮುಂದೆ ಹೋದಾಗಲೂ ಎರಡು ಪಟ್ಟು. 2.1 ಅಂದರೆ ಸುಮಾರು 4.3 ಪಟ್ಟು. ನಿಂತ ಗೆರೆ ಪಿ ಮೌಲ್ಯದ (ನಿಜಕ್ಕೂ ವ್ಯತ್ಯಾಸ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಕಾಣುವ ಸಂಭವದ) ಲಾಗ್ 10, ಮೈನಸ್ ಹಾಕಿ ತಿರುಗಿಸಿದ್ದು. ಎತ್ತರ 2 ಅಂದರೆ 0.01, ಎತ್ತರ 1.3 ಅಂದರೆ 0.05. ಇಲ್ಲಿ ಒಂದು ವಿಷಯ ನೋಡಿಕೊಳ್ಳಿ. ನಿಂತ ಗೆರೆಗೆ ಹಾಕಿದ್ದು ಹಸಿ ಪಿ ಮೌಲ್ಯವೋ, ತಿದ್ದಿದ ಮೌಲ್ಯವೋ? 200 ಜೀವಿಗಳನ್ನು ಪರೀಕ್ಷಿಸಿದರೆ, ಯಾವುದರಲ್ಲೂ ಏನೂ ವ್ಯತ್ಯಾಸ ಇಲ್ಲದಿದ್ದರೂ ಸುಮಾರು 10 ಜೀವಿಗಳು ಸುಮ್ನೆ ಅದೃಷ್ಟದಿಂದಲೇ 0.05ರ ಕೆಳಗೆ ಬರುತ್ತವೆ. ಅದಕ್ಕೇ 1995ರಲ್ಲಿ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಕೊಟ್ಟ ತಿದ್ದುಪಡಿಯನ್ನು ಹೆಚ್ಚಿನವರು ಬಳಸುತ್ತಾರೆ. ಎತ್ತರ ಅಂದರೆ ಎಷ್ಟು ನಂಬಬಹುದು ಅಂತ. ಎಷ್ಟು ದೊಡ್ಡ ಬದಲಾವಣೆ ಅಂತ ಅಲ್ಲ. ಸ್ಯಾಂಪಲ್ ಜಾಸ್ತಿ ಇದ್ದರೆ ಪುಟ್ಟ ಬದಲಾವಣೆಯೂ ಮೇಲೆ ಹೋಗಿ ಕೂರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಡಿಎನ್ಎ ಓದುವ ಸೀಕ್ವೆನ್ಸಿಂಗ್ ಯಂತ್ರ ಕರುಳಿನಲ್ಲಿ ಎಷ್ಟು ಬ್ಯಾಕ್ಟೀರಿಯಾ ಇವೆ ಅಂತ ಎಣಿಸುವುದಿಲ್ಲ. ಒಂದು ಸ್ಯಾಂಪಲ್ಲಿಗೆ ಇಷ್ಟು ಸಾವಿರ ರೀಡ್ (ಓದಿದ ಡಿಎನ್ಎ ತುಣುಕು) ಅಂತ ಅದಕ್ಕೊಂದು ಮಿತಿ ಇದೆ. ಬೆಳಗ್ಗೆ ಕಲ್ಯಾಣ್‌ನಿಂದ ಹೊರಡುವ ಲೋಕಲ್‌ನ ಡಬ್ಬಿ ನೆನೆಸಿಕೊಳ್ಳಿ. ಡಬ್ಬಿಯಲ್ಲಿ ಹಿಡಿಸುವಷ್ಟೇ ಜನ. ಕಲ್ಯಾಣ್‌ನಲ್ಲೇ ಜಾಸ್ತಿ ಜನ ಹತ್ತಿದರೆ ಠಾಣೆಯಲ್ಲಿ ಹತ್ತುವವರು ಕಡಿಮೆ. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತವರೇನೂ ಕಡಿಮೆ ಆಗಿಲ್ಲ. ಡಬ್ಬಿಯನ್ನಷ್ಟೇ ಎಣಿಸುವವರು ‘ಠಾಣೆಯವರು ಕಡಿಮೆಯಾದರು’ ಅಂತ ಬರೆಯುತ್ತಾರೆ. ಅಂಕಿಯಲ್ಲಿ ಹೇಳುವುದಾದರೆ, ನಾಲ್ಕು ಜೀವಿಗಳು ತಲಾ 100 ಇದ್ದವು ಅನ್ನಿ, ತಲಾ ಶೇಕಡ 25. ಒಂದು ಮಾತ್ರ 700 ಆಯಿತು. ಉಳಿದ ಮೂರೂ 100ರಲ್ಲೇ ಇವೆ. ಆದರೆ ಅವುಗಳ ಪಾಲು ಶೇಕಡ 10ಕ್ಕೆ ಇಳಿಯಿತು. ಪಾಲನ್ನು ಹಾಗೇ ಹೋಲಿಸಿ ಪ್ಲಾಟ್ ಮಾಡಿದರೆ ಏನೂ ಆಗದ ಮೂರು ಜೀವಿಗಳು ಎಡಕ್ಕೆ ಹೋಗಿ ನಿಲ್ಲುತ್ತವೆ.

ಇಂಥ ಪಾಲಿನ ಅಂಕಿಗಳಿಗೆ ಬೇರೆಯೇ ಗಣಿತ ಬೇಕು ಅಂತ ಸಂಖ್ಯಾಶಾಸ್ತ್ರಜ್ಞ ಜಾನ್ ಐಚಿಸನ್ 1980ರ ದಶಕದಲ್ಲೇ ತೋರಿಸಿದ್ದರು. ಡೀಸೆಕ್ 2 ಬಂದದ್ದು 2014ರಲ್ಲಿ, ಜೀನ್‌ಗಳ ಆರ್‌ಎನ್‌ಎ ಎಣಿಕೆಗಾಗಿ. ಹೆಚ್ಚಿನ ಜೀನ್‌ಗಳು ಬದಲಾಗಿಲ್ಲ ಅನ್ನುವ ನಂಬಿಕೆಯ ಮೇಲೆ ಅದು ಸ್ಯಾಂಪಲ್‌ಗಳನ್ನು ಸಮ ಮಾಡುತ್ತದೆ. ಆ ನಂಬಿಕೆ ನಿಮ್ಮ ಕರುಳಿನ ಸ್ಯಾಂಪಲ್‌ಗಳಿಗೆ ಹೊಂದುತ್ತದೆಯೇ ಅಂತ ನೀವೇ ಯೋಚಿಸಬೇಕು. ಪ್ಲಾಟಿನಲ್ಲಿ ಒಂದು ಕಡೆ ಒಂದೆರಡು ದೊಡ್ಡ ಜೀವಿ, ಇನ್ನೊಂದು ಕಡೆ ಸಾಲುಸಾಲು ಜೀವಿಗಳು ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಂತಿದ್ದರೆ ಅಲ್ಲೇ ಅನುಮಾನಪಡಿ. ಒಟ್ಟು ಬ್ಯಾಕ್ಟೀರಿಯಾ ಎಷ್ಟು ಅಂತ ಕ್ಯೂಪಿಸಿಆರ್‌ನಿಂದಲೋ ಫ್ಲೋ ಸೈಟೊಮೆಟ್ರಿಯಿಂದಲೋ ಅಳೆದಿದ್ದರೆ ಮಾತ್ರ ‘ನಿಜಕ್ಕೂ ಹೆಚ್ಚಾಯಿತು’ ಅನ್ನಬಹುದು. ಅಳೆದಿಲ್ಲದಿದ್ದರೆ ‘ಉಳಿದವುಗಳಿಗೆ ಹೋಲಿಸಿದರೆ ಜಾಸ್ತಿ’ ಅಂತ ಬರೆಯಿರಿ. ಪರೀಕ್ಷಕರು ಅದನ್ನು ಮೆಚ್ಚುತ್ತಾರೆ.

ಕೊನೆಯದಾಗಿ, ನಿಮ್ಮ ಸಕ್ಕರೆ ಕಾಯಿಲೆಯವರಲ್ಲಿ ಎಷ್ಟು ಜನ ಮೆಟ್‌ಫಾರ್ಮಿನ್ ನುಂಗುತ್ತಾರೆ? 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಸ್ಯಾಂಪಲ್ಲಿನ ಎಲ್ಲ ಜೀವಿಗಳ ಒಟ್ಟು ಡಿಎನ್ಎ ಓದಿ, ಅಂಥ 784 ಕರುಳಿನ ಮೆಟಾಜೀನೋಮ್‌ಗಳನ್ನು ಹೋಲಿಸಿತ್ತು. ಕಾಯಿಲೆಯ ಗುರುತು ಅಂದುಕೊಂಡಿದ್ದ ಎಷ್ಟೋ ಬದಲಾವಣೆಗಳು ಮೆಟ್‌ಫಾರ್ಮಿನ್ ಮಾತ್ರೆಯಿಂದ ಆದವು ಅಂತ ಅದು ತೋರಿಸಿತು. ಸಕ್ಕರೆ ಕಾಯಿಲೆ ಬಂದ ಮೇಲೆ ಜನ ಅನ್ನ ಬಿಟ್ಟು ರೊಟ್ಟಿ, ಭಾಕ್ರಿ ಹಿಡಿಯುತ್ತಾರೆ. ಅದರಿಂದಲೂ ಪ್ರೆವೊಟೆಲ್ಲಾ ಬದಲಾಗಬಹುದು. ಮಾತ್ರೆ, ಊಟ, ವಯಸ್ಸು ಇವುಗಳನ್ನು ಲೆಕ್ಕದ ಮಾದರಿಯೊಳಗೆ ಸೇರಿಸಿ ಮತ್ತೊಮ್ಮೆ ಓಡಿಸಿ. ಚುಕ್ಕೆ ಆಗಲೂ ಅಲ್ಲೇ ನಿಂತರೆ ಅದರ ಬಗ್ಗೆ ಬರೆಯುವುದಕ್ಕೆ ಅರ್ಥ ಇದೆ.

ಪ್ರಶ್ನೆ: ಜುವಾರಿ ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರು ಮತ್ತು ಬಯಲು ಕೆಸರು, ಇವೆರಡರ ಬ್ಯಾಕ್ಟೀರಿಯಾ ಹೋಲಿಸುತ್ತಿದ್ದೇವೆ. ಪ್ಲಾಟಿನಲ್ಲಿ ಎಲ್ಲ ಚುಕ್ಕೆಗಳೂ ಮೈನಸ್ 5ರಿಂದ 5ರ ಒಳಗೆ ಇವೆ. ಎರಡು ಮಾತ್ರ 24ರ ಹತ್ತಿರ, ಬಲತುದಿಯಲ್ಲಿ. ಪಿ ಮೌಲ್ಯವೂ ತುಂಬಾ ಚೆನ್ನಾಗಿದೆ. ಇವೇ ನಮ್ಮ ಮುಖ್ಯ ಫಲಿತಾಂಶ ಅನ್ನಬಹುದಾ?
— ಕಾರವಾರದವರು, ಸದ್ಯ ಗೋವಾದಲ್ಲಿ ಸಂಶೋಧನೆ

ಉತ್ತರ: ಅನ್ನಬೇಡಿ. ಮೊದಲು ಆ 24ನ್ನು ಬಿಡಿಸಿ ನೋಡಿ. 2ನ್ನು 24 ಸಲ ಗುಣಿಸಿದರೆ 1 ಕೋಟಿ 67 ಲಕ್ಷ ಚಿಲ್ಲರೆ. ನಿಮ್ಮ ಒಂದು ಸ್ಯಾಂಪಲ್ಲಿನಲ್ಲಿ ಇರುವುದೇ ಸುಮಾರು 50 ಸಾವಿರ ರೀಡ್ ಅಂತ ಬರೆದಿದ್ದೀರಿ. 50 ಸಾವಿರ ರೀಡ್‌ನಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಪಟ್ಟು ವ್ಯತ್ಯಾಸ ಕಾಣುವುದು ಸಾಧ್ಯವೇ ಇಲ್ಲ.

ಎಣಿಕೆಯ ಟೇಬಲ್ ತೆರೆದು ಆ ಎರಡು ಸಾಲುಗಳನ್ನು ಓದಿ. ಬಯಲು ಕೆಸರಿನ ಎಲ್ಲ ಸ್ಯಾಂಪಲ್ಲಿನಲ್ಲೂ ಸೊನ್ನೆ ಇರುತ್ತದೆ. ಕಾಂಡ್ಲಾ ಬುಡದಲ್ಲೂ ಹೆಚ್ಚಿನವು ಸೊನ್ನೆಯೇ, ಒಂದೆರಡು ಸ್ಯಾಂಪಲ್ಲಿನಲ್ಲಿ ಮಾತ್ರ ದೊಡ್ಡ ಎಣಿಕೆ ಇರುತ್ತದೆ. ಒಂದು ಗುಂಪು ಪೂರ್ತಿ ಸೊನ್ನೆ ಆದಾಗ ಪಟ್ಟು ಎಷ್ಟು ಅನ್ನುವುದಕ್ಕೆ ಕೊನೆಯೇ ಇಲ್ಲ. ಪ್ರೋಗ್ರಾಂ ಎಲ್ಲೋ ಒಂದು ಕಡೆ ನಿಂತು 20ರಿಂದ 30ರೊಳಗಿನ ಒಂದು ಅಂಕಿ ಕೊಡುತ್ತದೆ. ಡೀಸೆಕ್ 2 ಬಳಸುವವರೆಲ್ಲ ಒಂದಲ್ಲ ಒಂದು ದಿನ ಈ ಬಲತುದಿಯ ಚುಕ್ಕೆಗಳನ್ನು ನೋಡಿಯೇ ಇರುತ್ತಾರೆ.

ಏನು ಮಾಡಬಹುದು? ತುಂಬಾ ಕಡಿಮೆ ಸ್ಯಾಂಪಲ್‌ಗಳಲ್ಲಿ ಮಾತ್ರ ಕಂಡ ಜೀವಿಗಳನ್ನು ಲೆಕ್ಕಕ್ಕೆ ಮೊದಲೇ ತೆಗೆಯಿರಿ. ಶೇಕಡ 10ರಷ್ಟು ಸ್ಯಾಂಪಲ್‌ಗಳಲ್ಲಾದರೂ ಇರಬೇಕು ಅನ್ನುವ ಕಟ್ಟಳೆ ಸಾಮಾನ್ಯ. ನಿಮ್ಮ ಹತ್ತಿರ ಇರುವಷ್ಟು ಕಡಿಮೆ ಸ್ಯಾಂಪಲ್‌ಗೆ ಅದು ಸಾಲದು, ಇನ್ನೂ ಬಿಗಿ ಮಾಡಿ. ಆಮೇಲೆ ಫೋಲ್ಡ್ ಚೇಂಜನ್ನು (ಎಷ್ಟು ಪಟ್ಟು ಅನ್ನುವ ಅಂಕಿಯನ್ನು) ಕುಗ್ಗಿಸುವ ವಿಧಾನ ಇದೆ, ಅದನ್ನು ಬಳಸಿ. ಪುರಾವೆ ಕಡಿಮೆ ಇರುವ ದೊಡ್ಡ ಅಂಕಿಗಳನ್ನು ಅದು ಸೊನ್ನೆಯ ಕಡೆಗೆ ಎಳೆಯುತ್ತದೆ. ಇದಾದ ಮೇಲೂ ಉಳಿದರೆ ನೋಡೋಣ.

ಒಂದು ಕಡೆ ಮಾತ್ರ ಇರುವ ಜೀವಿ ಅನ್ನುವುದೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬೇರಿನ ಸುತ್ತ ಉಪ್ಪು, ಗಂಧಕ, ಆಮ್ಲಜನಕ ಎಲ್ಲವೂ ಬೇರೆ ಇರುತ್ತವೆ. ಅಲ್ಲಿಗೇ ಒಗ್ಗಿಕೊಂಡ ಬ್ಯಾಕ್ಟೀರಿಯಾ ಖಂಡಿತ ಇರಬಹುದು. ಆಗ ಅದನ್ನು ‘ಇದೆ, ಇಲ್ಲ’ ಅಂತಲೇ ತೋರಿಸಿ. ಕಾಂಡ್ಲಾ ಬುಡದ ಇಷ್ಟು ಸ್ಯಾಂಪಲ್ಲಿನಲ್ಲಿ ಇಷ್ಟರಲ್ಲಿ ಕಂಡಿತು, ಬಯಲಿನಲ್ಲಿ ಒಂದರಲ್ಲೂ ಕಾಣಲಿಲ್ಲ ಅಂತ ಬರೆಯಿರಿ. ಆನ್ಕಾಮ್-ಬಿಸಿ ಅನ್ನುವ ವಿಧಾನ ಇಂಥವನ್ನು ಬೇರೆ ಪಟ್ಟಿಯಾಗಿಯೇ ಗುರುತಿಸಿ ಕೊಡಬಲ್ಲದು. ಬಯಲು ಕೆಸರಿನ ಸ್ಯಾಂಪಲ್‌ಗಳಲ್ಲಿ ಒಟ್ಟು ರೀಡ್ ಎಷ್ಟು ಅಂತಲೂ ನೋಡಿ. ಅಲ್ಲಿ ರೀಡ್ ಕಡಿಮೆ ಇದ್ದರೆ ಆ ಸೊನ್ನೆ ‘ಇಲ್ಲ’ ಅನ್ನುವ ಸೊನ್ನೆ ಅಲ್ಲ, ‘ಸಿಗಲಿಲ್ಲ’ ಅನ್ನುವ ಸೊನ್ನೆ.

ಪ್ರಶ್ನೆ: ನಾನು ಐಟಿ ಕಂಪನಿಯಲ್ಲಿ ಡೇಟಾ ಕೆಲಸ ಮಾಡುತ್ತೇನೆ. ತಂಗಿಯ ಪಿಎಚ್‌ಡಿ ಡೇಟಾಕ್ಕೆ ಸಹಾಯ ಮಾಡುತ್ತಿದ್ದೇನೆ. ಡೀಸೆಕ್ 2, ಆನ್ಕಾಮ್-ಬಿಸಿ, ಲೆಫ್ಸೆ ಮೂರನ್ನೂ ಓಡಿಸಿದೆ. ಮೂರರಲ್ಲೂ ಬೇರೆ ಬೇರೆ ಪಟ್ಟಿ. ಒಂದು ಬ್ಯಾಕ್ಟೀರಿಯಾಕ್ಕೆ ಮಾತ್ರ ಮೊದಲ ಎರಡರಲ್ಲೂ 1.5 ಬಂದಿದೆ, ಅದೊಂದು ಸರಿಯಾಗಿ ತಾಳೆ ಆಯಿತು. ಯಾವ ಟೂಲ್ ನಂಬಬೇಕು?
— ಐರೋಳಿ, ನವಿ ಮುಂಬೈ

ಉತ್ತರ: ತಾಳೆ ಆದಂತೆ ಕಾಣುವ ಆ 1.5 ತಾಳೆ ಆಗಿಲ್ಲ. ಡೀಸೆಕ್ 2ರ 1.5 ಲಾಗ್ 2ರಲ್ಲಿದೆ, ಸುಮಾರು 2.8 ಪಟ್ಟು. ಆನ್ಕಾಮ್-ಬಿಸಿಯ 1.5 ನ್ಯಾಚುರಲ್ ಲಾಗ್‌ನಲ್ಲಿದೆ, ಸುಮಾರು 4.5 ಪಟ್ಟು. ಲೆಫ್ಸೆಯ ಕಡ್ಡಿಯ ಮೇಲೆ ಬರುವ ಎಲ್‌ಡಿಎ ಸ್ಕೋರ್ (ಎರಡು ಗುಂಪುಗಳನ್ನು ಬೇರೆ ಮಾಡುವಲ್ಲಿ ಆ ಜೀವಿಯ ತೂಕ) ಇನ್ನೂ ಬೇರೆ. ಅದು ಲಾಗ್ 10ರಲ್ಲಿದೆ, ಮೇಲಾಗಿ ಅದು ಪಟ್ಟು ಅಲ್ಲವೇ ಅಲ್ಲ. ಮೂರು ಪ್ಲಾಟ್‌ಗಳನ್ನು ಪಕ್ಕದಲ್ಲಿಟ್ಟು ಕಡ್ಡಿಗಳ ಉದ್ದ ಹೋಲಿಸುವ ಮೊದಲು ಎಲ್ಲವನ್ನೂ ಒಂದೇ ಲಾಗ್‌ಗೆ ತನ್ನಿ. ಲೆಫ್ಸೆಯನ್ನು ಬದಿಗಿಡಿ.

ಪಟ್ಟಿಗಳು ಬೇರೆ ಬಂದದ್ದಕ್ಕೆ ಗಾಬರಿ ಬೇಡ. 2022ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ನಲ್ಲಿ ಬಂದ ಹೋಲಿಕೆಯಲ್ಲಿ 14 ವಿಧಾನಗಳನ್ನು 38 ಡೇಟಾಸೆಟ್‌ಗಳ ಮೇಲೆ ಓಡಿಸಿದ್ದರು. ವಿಧಾನದಿಂದ ವಿಧಾನಕ್ಕೆ ಪಟ್ಟಿ ತೀರಾ ಬೇರೆಯಾಯಿತು. ಆಲ್ಡೆಕ್ಸ್ 2 ಮತ್ತು ಆನ್ಕಾಮ್-2 ಉಳಿದವುಗಳಿಗಿಂತ ಸ್ಥಿರವಾಗಿ ನಿಂತವು. ಒಂದೇ ವಿಧಾನ ನೆಚ್ಚದೆ ಹಲವು ವಿಧಾನಗಳಲ್ಲಿ ಒಟ್ಟಿಗೆ ಬಂದದ್ದನ್ನು ನೋಡಿ ಅನ್ನುವುದು ಅವರ ಸಲಹೆ. ನಾನು ಇದಕ್ಕೆ ಒಂದು ಸೇರಿಸುತ್ತೇನೆ: ಯಾವ ವಿಧಾನ ಮುಖ್ಯ ಅಂತ ಪ್ಲಾಟ್ ನೋಡುವ ಮೊದಲೇ ತಂಗಿಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಸಿಡಿ. ಬೇಕಾದ ಬ್ಯಾಕ್ಟೀರಿಯಾ ಬರುವ ತನಕ ಟೂಲ್ ಬದಲಾಯಿಸುತ್ತಾ ಹೋಗುವುದು ಸಂಶೋಧನೆ ಅಲ್ಲ. ಈ ವಿಷಯದಲ್ಲಿ ನಾನು ಸ್ವಲ್ಪ ಬಿಗಿ, ಬಿಗಿಯಾಗಿಯೇ ಇರಬೇಕು ಅಂತ ನಂಬಿದ್ದೇನೆ. ಆ ಪಟ್ಟಿ ನಂಬಿ ಮುಂದೆ ಯಾರೋ ವರ್ಷಗಟ್ಟಲೆ ಕೆಲಸ ಮಾಡುತ್ತಾರೆ.

ಲೆಫ್ಸೆ ಬಗ್ಗೆ ಇನ್ನೊಂದು ಮಾತು. ಅದರ ಚಿತ್ರ ಚೆಂದ, ಹಸಿರು ಕೆಂಪು ಕಡ್ಡಿಗಳು, ವೃತ್ತಾಕಾರದ ವಂಶವೃಕ್ಷ. 2011ರಲ್ಲಿ ಬಂದಾಗಿನಿಂದ ಎಲ್ಲ ಪ್ರಬಂಧದಲ್ಲೂ ಕಾಣುತ್ತದೆ. ಆದರೆ ನೀವು ಕಳಿಸಿದ ಪ್ಲಾಟಿನಲ್ಲಿ ಮೇಲಿನ ಐದು ಕಡ್ಡಿಗಳನ್ನು ನೋಡಿ: ಲ್ಯಾಕ್ಟೊಬ್ಯಾಸಿಲಸ್, ಲ್ಯಾಕ್ಟೊಬ್ಯಾಸಿಲೇಸಿಯೇ, ಲ್ಯಾಕ್ಟೊಬ್ಯಾಸಿಲೇಲ್ಸ್, ಬ್ಯಾಸಿಲೈ, ಫರ್ಮಿಕ್ಯೂಟ್ಸ್. ಕುಲ, ಕುಟುಂಬ, ಗಣ, ವರ್ಗ, ವಿಭಾಗ. ಐದೂ ಒಂದೇ ಬ್ಯಾಕ್ಟೀರಿಯಾದ ಏರಿಕೆ, ಐದು ಹಂತಗಳಲ್ಲಿ ಎಣಿಸಿದ್ದು. ಐದು ಫಲಿತಾಂಶ ಅಂತ ಬರೆಯಬೇಡಿ, ಅದು ಒಂದೇ. ಸುಮ್ನೆ ಓಡಿಸಿದರೆ ಲೆಫ್ಸೆ ಪಿ ಮೌಲ್ಯಗಳನ್ನು ತಿದ್ದುವುದೂ ಇಲ್ಲ. ಉದ್ದ ಪಟ್ಟಿ ಬರುವುದಕ್ಕೆ ಅದೂ ಒಂದು ಕಾರಣ.

ಪ್ರಶ್ನೆ: ಹೊಟ್ಟೆ ಉಬ್ಬರ ಅಂತ ಒಂದು ಖಾಸಗಿ ಸಂಸ್ಥೆಯಲ್ಲಿ ಕರುಳಿನ ಬ್ಯಾಕ್ಟೀರಿಯಾ ಟೆಸ್ಟ್ ಮಾಡಿಸಿದೆ. ರಿಪೋರ್ಟಿನಲ್ಲಿ ‘ನಿಮ್ಮದು’ ಮತ್ತು ‘ಆರೋಗ್ಯವಂತರ ಸರಾಸರಿ’ ಅಂತ ಎರಡೆರಡು ಕಡ್ಡಿ. ಪ್ರೆವೊಟೆಲ್ಲಾ ‘ಅತಿ ಹೆಚ್ಚು’ ಅಂತ ಕೆಂಪಿನಲ್ಲಿದೆ. ಫರ್ಮಿಕ್ಯೂಟ್ಸ್ ಮತ್ತು ಬ್ಯಾಕ್ಟೆರಾಯ್ಡೆಟೀಸ್ ಅನ್ನುವ ಎರಡು ದೊಡ್ಡ ಬ್ಯಾಕ್ಟೀರಿಯಾ ವಿಭಾಗಗಳ ಅನುಪಾತವೂ ಕೆಂಪು. ಕೊನೆಯ ಪುಟದಲ್ಲಿ ಅವರದೇ ಕ್ಯಾಪ್ಸೂಲ್ ತಗೊಳ್ಳಿ ಅಂತ ಬರೆದಿದೆ. ತಗೊಳ್ಳಲಾ?
— ಗೃಹಿಣಿ, ಡೊಂಬಿವಿಲಿ

ಉತ್ತರ: ಆ ಕಡ್ಡಿಗಳ ಆಧಾರದ ಮೇಲೆ ತಗೊಳ್ಳಬೇಡಿ ತಾಯಿ. ಉಬ್ಬರ ಹಾಗೇ ಇದ್ದರೆ ಹೊಟ್ಟೆಯ ಡಾಕ್ಟರಿಗೆ ತೋರಿಸಿ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡಬೇಡಿ.

ಮೇಲಿನ ಉತ್ತರಗಳಲ್ಲಿ ನಾನು ಹೇಳಿದ್ದೆಲ್ಲ ಗುಂಪು ಮತ್ತು ಗುಂಪಿನ ಹೋಲಿಕೆ. ನಿಮ್ಮದು ಒಬ್ಬರ, ಒಂದು ದಿನದ ಸ್ಯಾಂಪಲ್. ಅದಕ್ಕೆ ಪಿ ಮೌಲ್ಯವೂ ಇಲ್ಲ, ಹೆಚ್ಚುಕಡಿಮೆ ಎಷ್ಟು ಅಂತ ತೋರಿಸುವ ಗೆರೆಯೂ ಇಲ್ಲ. ಇವತ್ತಿನ ಊಟ, ಹೋದ ವಾರದ ಆಂಟಿಬಯೊಟಿಕ್, ಎರಡೂ ಆ ಕಡ್ಡಿಯನ್ನು ಬದಲಾಯಿಸುತ್ತವೆ.

ಅದಕ್ಕಿಂತ ಮುಖ್ಯ, ‘ಆರೋಗ್ಯವಂತರು’ ಅಂದರೆ ಯಾರು? ಯಾವ ದೇಶದವರು, ಏನು ಉಣ್ಣುವವರು? 2019ರಲ್ಲಿ ಭೋಪಾಲ್ ಮತ್ತು ಕೇರಳದ 110 ಆರೋಗ್ಯವಂತರ ಕರುಳನ್ನು ಅಧ್ಯಯನ ಮಾಡಿದಾಗ, ಕಾಳು-ಬೇಳೆ-ರೊಟ್ಟಿ ಜಾಸ್ತಿ ಉಣ್ಣುವ ಭೋಪಾಲದವರಲ್ಲಿ ಪ್ರೆವೊಟೆಲ್ಲಾ ಎದ್ದು ಕಂಡಿತು. ಮೀನು-ಮಾಂಸವೂ ಉಣ್ಣುವ ಕೇರಳದವರಲ್ಲಿ ಬ್ಯಾಕ್ಟೆರಾಯ್ಡಿಸ್‌ನಂಥ ಬೇರೆ ಜೀವಿಗಳು. ನಿಮ್ಮ ಬಿಲ್ಡಿಂಗ್‌ನಲ್ಲೇ ಜೋಳದ ರೊಟ್ಟಿ ಉಣ್ಣುವ ಕಲಬುರಗಿಯವರೂ, ಕುಚ್ಚಲಕ್ಕಿ-ಮೀನು ಉಣ್ಣುವ ಮಂಗಳೂರಿನವರೂ ಇದ್ದಾರೆ ಅಲ್ವಾ? ಇಬ್ಬರನ್ನೂ ಬೇರೆ ದೇಶದವರ ಸರಾಸರಿಗೆ ಹೋಲಿಸಿದರೆ ಇಬ್ಬರಿಗೂ ಏನೋ ಒಂದು ಕೆಂಪು ಬಂದೇ ಬರುತ್ತದೆ. ನೀವು ಮನೆಯಲ್ಲಿ ದಿನಾ ರೊಟ್ಟಿ ಅಂತ ಬರೆದಿದ್ದೀರಿ. ನಿಮ್ಮಲ್ಲಿ ಪ್ರೆವೊಟೆಲ್ಲಾ ಇರುವುದು ನನಗೆ ಕಾಯಿಲೆಯಂತೆ ಕಾಣುವುದಿಲ್ಲ. ಆ ಸಂಸ್ಥೆಗೆ ಒಂದು ಇಮೇಲ್ ಹಾಕಿ, ಸರಾಸರಿಗೆ ಯಾವ ಊರಿನ ಎಷ್ಟು ಜನರನ್ನು ತಗೊಂಡಿದ್ದೀರಿ ಅಂತ ಕೇಳಿ. ದುಡ್ಡು ಕೊಟ್ಟಿದ್ದೀರಿ, ಕೇಳುವ ಹಕ್ಕು ನಿಮಗಿದೆ.

ಆ ಅನುಪಾತದ ಕಥೆ ಹಳೆಯದು. ಬೊಜ್ಜಿಗೂ ಅದಕ್ಕೂ ಸಂಬಂಧ ಇದೆ ಅಂತ 2006ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು. 2016ರಲ್ಲಿ ಹಲವು ಅಧ್ಯಯನಗಳ ಡೇಟಾ ಒಟ್ಟು ಮಾಡಿ ನೋಡಿದಾಗ ಆ ಸಂಬಂಧ ಗಟ್ಟಿಯಾಗಿ ನಿಲ್ಲಲಿಲ್ಲ. ಅದನ್ನು ಕೆಂಪಿನಲ್ಲಿ ಮುದ್ರಿಸಿ ಜನರನ್ನು ಹೆದರಿಸುವುದು ತಪ್ಪು.

ಪ್ರಶ್ನೆ: ಹಳೆಯ ಪ್ರಬಂಧವೊಂದರಲ್ಲಿ ಆನ್ಕಾಮ್ ಪ್ಲಾಟ್ ಇದೆ. ನಿಂತ ಗೆರೆಯಲ್ಲಿ ಪಿ ಮೌಲ್ಯದ ಬದಲು ‘ಡಬ್ಲ್ಯು’, ಒಂದು ಚುಕ್ಕೆಗೆ 140. ಇದು ಏನು?
— ಉಪನ್ಯಾಸಕರು, ಮುಲುಂಡ್

ಉತ್ತರ: ಅದು ಎಣಿಕೆ. 2015ರ ಆನ್ಕಾಮ್ ಪ್ರತಿ ಜೀವಿಯನ್ನೂ ಉಳಿದ ಒಂದೊಂದು ಜೀವಿಯ ಜೊತೆ ಅನುಪಾತ ಮಾಡಿ ಎರಡು ಗುಂಪುಗಳಲ್ಲಿ ಹೋಲಿಸುತ್ತದೆ. ಎಷ್ಟು ಜೋಡಿಗಳಲ್ಲಿ ವ್ಯತ್ಯಾಸ ಸಿಕ್ಕಿತೋ ಅದೇ ಡಬ್ಲ್ಯು. ಹಾಗಾಗಿ 140 ಅನ್ನುವುದು ದೊಡ್ಡದೋ ಚಿಕ್ಕದೋ ಅಂತ ಹೇಳಬೇಕಾದರೆ ಒಟ್ಟು ಜೀವಿಗಳು ಎಷ್ಟು ಅಂತ ಗೊತ್ತಿರಬೇಕು. 150ರಲ್ಲಿ 140 ಆದರೆ ಗಟ್ಟಿ. 900ರಲ್ಲಿ 140 ಆದರೆ ಏನೂ ಅಲ್ಲ. ಹೆಚ್ಚಾಗಿ ಒಟ್ಟು ಜೋಡಿಗಳ ಶೇಕಡ 70ನ್ನು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಬೇರೆ ಬೇರೆ ಪ್ರಬಂಧಗಳ ಡಬ್ಲ್ಯು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ. ನಿಮ್ಮ ಪ್ರಬಂಧದಲ್ಲಿ ಒಟ್ಟು ಸಂಖ್ಯೆ ಹೆಚ್ಚಾಗಿ ವಿಧಾನದ ಭಾಗದಲ್ಲಿ, ಫಿಲ್ಟರ್ ಮಾಡಿದ ಬಗ್ಗೆ ಹೇಳುವ ಕಡೆ ಸಿಗುತ್ತದೆ.